ನಾಲ್ಕನೇ ಸಾಕ್ಷಿಗೆ, ಚಪ್ಪರದ ಓಣಿಯಿಂದ

೨೧೮೭, ಎರಡನೇ ಬೇಸಿಗೆ, ಐವತ್ತೆರಡನೇ ತಾರೀಖು
ನೇಗಿಲ ಓಣಿ, ಹುಬ್ಬಳ್ಳಿ

ನಾಲ್ಕನೇ ಸಾಕ್ಷಿಯವರಿಗೆ ಶರಣು.

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದವನ್ನು ಮಡಚಿ ಇಡಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಒಂದೊಂದೂ ಮುಗಿಯುವ ಹೊತ್ತಿಗೆ ನಿಮ್ಮ ಮೂರು ನಾಲ್ಕು ತಿಂಗಳು ಕಳೆದಿರುತ್ತವೆ, ಆದ್ದರಿಂದ ತಿಂಗಳುಗಳ ಹೆಸರು ಹೇಳುವ ರೂಢಿಯನ್ನು ನಮ್ಮ ಅಜ್ಜಂದಿರೇ ಬಿಟ್ಟುಬಿಟ್ಟರು. ನನ್ನ ಕನ್ನಡವೂ ನಿಮಗೆ ಕೊಂಚ ಬಿಗಿಯಾಗಿ ಕಂಡೀತು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಕೋರ್ಟಿನ ತೀರ್ಪುಗಳಿಂದ. ನಡುನಡುವೆ 'ಸದರಿ', 'ಮೇಲ್ಕಂಡ' ಎಂದೇನಾದರೂ ನುಸುಳಿದರೆ ಕ್ಷಮಿಸಿ. ನೀವೆಲ್ಲ ಮನೆಯಲ್ಲಿ ಊಟಕ್ಕೆ ಕರೆಯುವಾಗಲೂ ಹಾಗೇ ಮಾತಾಡುತ್ತಿದ್ದಿರಿ ಎಂದು ನಾನು ಬಹಳ ಕಾಲ ನಂಬಿದ್ದೆ.

ನನ್ನ ಹೆಸರು ನೀಲಾಂಬಿಕಾ ಹುರಕಡ್ಲಿ. ನನ್ನದು ಕದ ಕೇಳುವ ಕೆಲಸ. ಅದೇನೆಂದು ಮುಂದೆ ಹೇಳುತ್ತೇನೆ. ಈ ಕೆಲಸಕ್ಕೆ ಸೇರುವವರಿಗೆಲ್ಲ ಹಳೆಯ ಕಾಲದ ತೀರ್ಪೊಂದನ್ನು ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ನಿಮ್ಮದು. ಒಬ್ಬ ಯುವಕ ಕಾಲೇಜುಗಳ ಸುತ್ತಮುತ್ತ ಗಾಂಜಾ ಮತ್ತು ಮಾತ್ರೆಗಳನ್ನು ಪೂರೈಸಿದ ಪ್ರಕರಣ. ಅವನ ಚೀಲದಲ್ಲಿ ಏನೇನಿತ್ತು, ಯಾವ ಬಣ್ಣದ ಪೊಟ್ಟಣ, ಯಾರು ತೂಗಿದರು, ಯಾವ ಅರಗಿನಿಂದ ಮೊಹರು ಹಾಕಿದರು ಎಂಬುದಕ್ಕೆ ಪುಟಗಟ್ಟಲೆ ಜಾಗವಿದೆ. ನಿಮಗೆ ಸಿಕ್ಕಿದ್ದು ಒಂದೇ ಸಾಲು. ಝೆರಾಕ್ಸ್ ಅಂಗಡಿ ನಡೆಸುವ, ಮೂವತ್ತನಾಲ್ಕು ವರ್ಷದ ಸಾಕ್ಷಿ-೪ ಇವರಿಗೆ ಆರೋಪಿಯು ಬೆದರಿಕೆ ಹಾಕಿರುತ್ತಾನೆ, ಸದರಿಯವರು ಹೆದರಿರುತ್ತಾರೆ. ಕೊನೆಗೆ ಶಿಕ್ಷೆ: ಮಾದಕ ವಸ್ತು ಪೂರೈಸಿದ್ದಕ್ಕೆ ಏಳು ವರ್ಷ, ಬೆದರಿಕೆಗೆ ಒಂದು ವರ್ಷ, ಎರಡೂ ಶಿಕ್ಷೆಗಳು ಏಕಕಾಲಕ್ಕೆ ಜಾರಿಯಲ್ಲಿರತಕ್ಕದ್ದು.

ಆ ಕೊನೆಯ ಮಾತನ್ನು ನಮಗೆ ಕಲಿಸಿದವರು ಬಿಡಿಸಿ ಹೇಳಿದ್ದರು. ಏಳು ವರ್ಷ ಹೇಗೂ ಒಳಗಿರಬೇಕು. ಅದರಲ್ಲೇ ಮೊದಲ ಒಂದು ವರ್ಷ ನಿಮ್ಮ ಲೆಕ್ಕಕ್ಕೆ. ಎಂದರೆ ನಿಮ್ಮನ್ನು ಹೆದರಿಸಿದ್ದಕ್ಕೆ ಅವನು ಒಂದು ದಿನವೂ ಹೆಚ್ಚಿಗೆ ಇರಬೇಕಾಗಲಿಲ್ಲ. ಕೋರ್ಟನ್ನು ನಾನು ದೂರುತ್ತಿಲ್ಲ, ನಿಮ್ಮ ಕಾಲದ ಕಾನೂನಿಗೆ ಅದು ಸರಿಯಾಗಿಯೇ ಇತ್ತು. ಆದರೂ ಓದಿದಾಗಲೆಲ್ಲ ನನಗೆ ನಿಮ್ಮ ಅಂಗಡಿಯ ಶಟರ್ ನೆನಪಾಗುತ್ತದೆ. ಅದನ್ನು ನಾನು ನೋಡಿದ್ದೇ ಇಲ್ಲ. ನಿಮ್ಮನ್ನು ಅಜ್ಜಿ ಎನ್ನಬೇಕೋ, ತೀರ್ಪಿನ ವಯಸ್ಸು ಹಿಡಿದು ತಂಗಿ ಎನ್ನಬೇಕೋ ತಿಳಿಯದು. ನನಗೀಗ ಐವತ್ತೊಂಬತ್ತು. ತಂಗಿ ಎಂದೇ ಇಟ್ಟುಕೊಳ್ಳುತ್ತೇನೆ.

ಮೊದಲು ನಮ್ಮ ಊರು ಹೇಗಿದೆ ಎಂದು ಹೇಳಿದರೆ ಉಳಿದದ್ದು ಅರ್ಥವಾದೀತು. ನಾವು ಕೋಳಿ ಕೂಗುವ ಮೊದಲೇ ಏಳುತ್ತೇವೆ, ಬಿಸಿಲು ಬಲಿಯುವ ಹೊತ್ತಿಗೆ ಮಲಗುತ್ತೇವೆ, ಸಂಜೆ ಮತ್ತೆ ಎದ್ದು ಅರ್ಧ ರಾತ್ರಿಯವರೆಗೆ ದುಡಿಯುತ್ತೇವೆ. ಶಾಲೆ, ಸಂತೆ, ಮದುವೆ ಎಲ್ಲ ಸಂಜೆಯ ಮೇಲೆ. ಪ್ರತಿ ಓಣಿಗೂ ಒಂದು ಚಪ್ಪರವಿದೆ: ಈ ಸಾಲಿನ ಮನೆಗಳಿಂದ ಆ ಸಾಲಿನ ಮನೆಗಳಿಗೆ ಹಗ್ಗ ಹಾಯಿಸಿ, ಬೆಳಿಗ್ಗೆ ಎಳೆದು ಸಂಜೆ ಮಡಚುವ ದಪ್ಪ ಬಟ್ಟೆ. ಬಟ್ಟೆಯ ಒಂದೊಂದು ಪಟ್ಟಿ ಒಂದೊಂದು ಮನೆಯದು. ಯಾರ ಪಟ್ಟಿ ಹರಿದರೂ ಕೆಳಗೆ ಎಲ್ಲರಿಗೂ ಬಿಸಿಲು, ಹೀಗಾಗಿ ಹೊಲಿಯುವವರಿಗೆ ಒಳ್ಳೆಯ ಮರ್ಯಾದೆಯಿದೆ. ಚಪ್ಪರ ಎಳೆಯುವುದು ಓಣಿಯ ದೊಡ್ಡ ಕೆಲಸ. ಹಗ್ಗ ಹಿಡಿಯಲು ಪ್ರತಿ ಮನೆಯಿಂದ ಒಬ್ಬರು ಬರಲೇಬೇಕು, ಮುನಿಸಿಕೊಂಡವರೂ ಬರುತ್ತಾರೆ, ಎಳೆಯುವಾಗ ಮುಖ ಆ ಕಡೆ ತಿರುಗಿಸಿಕೊಂಡಿರುತ್ತಾರೆ ಅಷ್ಟೆ. ಜೋಳದ ರೊಟ್ಟಿ ಇನ್ನೂ ಇದೆ. ಗಿರಮಿಟ್ಟು ಇನ್ನೂ ಇದೆ, ಆದರೆ ಈರುಳ್ಳಿ ತುಟ್ಟಿಯಾದ್ದರಿಂದ ಅದರಲ್ಲಿ ಹುಡುಕಿ ನೋಡಬೇಕು.

ಇಂಥ ಊರಿನಲ್ಲಿ ಬೆಳೆದ ಮಾದಕ ವಸ್ತುವಿನ ಹೆಸರು ತಂಪು. ನಾಲಗೆಯ ಕೆಳಗಿಟ್ಟುಕೊಳ್ಳುವ ಸಣ್ಣ ಬಿಳಿ ಗುಳಿಗೆ. ಅದು ಮೈಯನ್ನು ತಂಪು ಮಾಡುವುದಿಲ್ಲ, ಬಿಸಿಲು ಗೊತ್ತಾಗದಂತೆ ಮಾಡುತ್ತದೆ. ಮಧ್ಯಾಹ್ನ ಕೆಲಸ ಮಾಡುವವರಿಗೆ ಕೂಲಿ ದುಪ್ಪಟ್ಟು, ಹೀಗಾಗಿ ಮಾಳಿಗೆ ಮೇಲೆ ಕರೆಂಟಿಗಾಗಿ ಬಿಸಿಲ ಹಲಗೆ ಕೂರಿಸುವ ಆಳುಗಳು ಅದನ್ನು ತಿನ್ನುತ್ತಾರೆ. ಬಾಯಾರಿಕೆ ಇಲ್ಲ, ಬೆವರಿನ ಪರಿವೆ ಇಲ್ಲ, ನಗುತ್ತ ಕೆಲಸ ಮಾಡುತ್ತ ಕುಸಿಯುತ್ತಾರೆ. ಬದುಕಿ ಉಳಿದವರಲ್ಲಿ ಕೆಲವರಿಗೆ ಬಿಸಿಲಿನ ಅರಿವು ಮತ್ತೆಂದೂ ಬರುವುದಿಲ್ಲ. ಅವರ ಪಕ್ಕದಲ್ಲಿ ಯಾರಾದರೂ ಕುಳಿತು ಈಗ ನೀರು ಕುಡಿ, ಈಗ ನೆರಳಿಗೆ ಬಾ, ಈಗ ಕಂಬಳಿ ತೆಗೆ ಎಂದು ಜೀವಮಾನವೆಲ್ಲ ಹೇಳುತ್ತಿರಬೇಕು. ತಂಪು ಮಾರಿದವರಿಗೆ ನಮ್ಮ ಕೋರ್ಟು ಕೊಡುವ ಶಿಕ್ಷೆ ಅದೇ. ಹೇಳುಗರಾಗಿ ಕೂರಿಸುತ್ತದೆ. ಎಷ್ಟು ವರ್ಷ ಎಂಬುದನ್ನು ನ್ಯಾಯಾಧೀಶರು ಗೊತ್ತುಮಾಡುತ್ತಾರೆ.

ಬೆದರಿಕೆಗೆ ಮಾತ್ರ ನಮ್ಮಲ್ಲಿ ವರ್ಷಗಳ ಲೆಕ್ಕವಿಲ್ಲ. ಹೆದರಿಸಿದವನು ಹೆದರಿದವರ ಓಣಿಗೆ ಕಾಲಿಡುವಂತಿಲ್ಲ. ಎಲ್ಲಿಯವರೆಗೆ ಎಂದರೆ, ಹೆದರಿದವರು ಇನ್ನು ಹೆದರಿಕೆ ಇಲ್ಲ ಎನ್ನುವವರೆಗೆ. ವರ್ಷಕ್ಕೊಂದು ಸಲ, ಬೆಳಕು ಹರಿಯುವಾಗ, ನಮ್ಮಂಥವರು ಅವರ ಮನೆಗೆ ಹೋಗಿ ಹೊಸ್ತಿಲಾಚೆ ನಿಂತು ಒಂದೇ ಪ್ರಶ್ನೆ ಕೇಳುತ್ತೇವೆ: ಇವತ್ತು ಅವನು ಈ ಓಣಿಗೆ ಬಂದರೆ ಏನು ಮಾಡುತ್ತೀರಿ? ಕದ ಹಾಕಿಕೊಳ್ಳುತ್ತೇನೆ ಎಂದರೆ ಶಿಕ್ಷೆ ಇನ್ನೊಂದು ವರ್ಷ. ಬರಲಿ ಎಂದರೆ ಅಂದಿಗೆ ಮುಗಿಯಿತು. ಚಪ್ಪರ ಎಳೆಯುವವರೆಗೆ ಮಾತು ಬದಲಿಸಬಹುದು. ಎಳೆದ ಮೇಲೆ ಆಡಿದ ಮಾತೇ ಖಾಯಂ. ಇದಕ್ಕೆ ಕದ ಕೇಳುವುದು ಎನ್ನುತ್ತೇವೆ. ಓಣಿಯವರೆಲ್ಲ ಹೊರಗೆ ಬಂದು ನಿಂತು ಕೇಳಿಸಿಕೊಳ್ಳುತ್ತಾರೆ, ಗುಟ್ಟಾಗಿ ನಡೆಯಬಾರದೆಂಬ ನಿಯಮವಿದೆ. ಈ ಪದ್ಧತಿಯ ಬಗ್ಗೆ ನಮಗೆ ಭಾರೀ ಹೆಮ್ಮೆ. ಮಕ್ಕಳ ಪಾಠದ ಪುಸ್ತಕದಲ್ಲಿ ಚಿತ್ರವಿದೆ, ನಿಮ್ಮ ಏಕಕಾಲಕ್ಕೆ ಜಾರಿಯನ್ನು ಪಕ್ಕದಲ್ಲಿಟ್ಟು ನಮ್ಮದು ಎಷ್ಟು ಮೇಲು ಎಂದು ಹೋಲಿಸಿದ್ದಾರೆ.

ಇವತ್ತು ಬೆಳಿಗ್ಗೆ ನಾನು ಕೇಳಬೇಕಿದ್ದದ್ದು ಶಿವಗಂಗಾ ಕಮ್ಮಾರ ಎಂಬ ಹೆಂಗಸಿನ ಕದ. ಆಕೆ ಇದೇ ನೇಗಿಲ ಓಣಿಯ ಚಪ್ಪರ ಹೊಲಿಯುವವಳು. ಎಂಟು ವರ್ಷದ ಹಿಂದೆ ಮಾಳಿಗೆಯ ಮೇಲೆ ಪಟ್ಟಿ ಬಿಗಿಯುವಾಗ, ಎದುರು ಸಾಲಿನ ಫಕೀರೇಶ ಮುಳಗುಂದ ಎಂಬವನು ಆಳುಗಳಿಗೆ ತಂಪು ಹಂಚುವುದನ್ನು ನೋಡಿದಳು. ಅದೇ ವಾರ ಇಬ್ಬರು ಆಳುಗಳು ಸತ್ತಿದ್ದರು. ಕೇಳಿದವರಿಗೆ ಕಂಡದ್ದನ್ನು ಹೇಳಿದಳು. ಅವನನ್ನು ಹಿಡಿಯುವ ಹಿಂದಿನ ಸಂಜೆ ಅವನು ಆಕೆಯ ಮನೆ ಮುಂದೆ ನಿಂತು, ಕೂಗದೆ, ಸುಮ್ಮನೆ ಮಾತಾಡುವ ಧಾಟಿಯಲ್ಲಿ ಹೇಳಿದ ಮಾತು ತೀರ್ಪಿನಲ್ಲಿ ಹಾಗೆಯೇ ದಾಖಲಾಗಿದೆ: "ನಿನ್ನ ಚಪ್ಪರ ಹತ್ತಿದ್ರ ಯಾರ ಬರ್ತಾರ ನೋಡೂಣು." ಬಟ್ಟೆಯ ಓಣಿಯಲ್ಲಿ ಬೆಂಕಿಯ ಮಾತಾಡುವುದು ಎಂಥದೆಂದು ನಿಮಗೆ ವಿವರಿಸಬೇಕಿಲ್ಲ.

ತಂಪು ಹಂಚಿದ್ದಕ್ಕೆ ಅವನಿಗೆ ಆರು ವರ್ಷದ ಹೇಳುಗ ಶಿಕ್ಷೆಯಾಯಿತು. ಅವನು ಅದನ್ನು ಚೆನ್ನಾಗಿಯೇ ಮಾಡಿದ. ಅವನ ಪಕ್ಕದಲ್ಲಿದ್ದ ರೋಗಿಯೊಬ್ಬ ಬೇರೆಯವರು ಹೇಳಿದರೆ ನೀರು ಕುಡಿಯುವುದಿಲ್ಲವಂತೆ, ಶಿಕ್ಷೆ ಮುಗಿದ ಮೇಲೂ ಫಕೀರೇಶ ಸಂಬಳಕ್ಕೆ ಅಲ್ಲೇ ಉಳಿದಿದ್ದಾನೆ. ಇದನ್ನು ಬರೆಯದೆ ಬಿಟ್ಟರೆ ಅನ್ಯಾಯವಾಗುತ್ತದೆ. ಆದರೆ ಓಣಿಗೆ ಬರುವಂತಿಲ್ಲ. ಶಿವಗಂಗಾ ಪ್ರತಿ ವರ್ಷ ಕದ ಹಾಕಿಕೊಳ್ಳುತ್ತೇನೆ ಎಂದೇ ಹೇಳುತ್ತ ಬಂದಿದ್ದಾಳೆ. ಅವನ ತಾಯಿ ಗೌರವ್ವ ಇದೇ ಓಣಿಯಲ್ಲಿ ಒಬ್ಬಳೇ ಇದ್ದಾಳೆ, ಎಂಬತ್ತು ದಾಟಿದೆ, ಕಿವಿ ಮಂದ, ಮೊಣಕಾಲು ಹೋಗಿದೆ. ಮಗನನ್ನು ನೋಡಲು ವಾರಕ್ಕೊಮ್ಮೆ ಎರಡು ಟ್ರಾಮು ಬದಲಿಸಿ ಊರಾಚೆಗೆ ಹೋಗುತ್ತಿದ್ದಳು, ಈ ಬೇಸಿಗೆಯಿಂದ ಅದೂ ನಿಂತಿದೆ. ಮಗ ಮನೆಗೆ ಬಂದರೆ ನೋಡಿಯಾಳು, ಇಲ್ಲವಾದರೆ ಬಹುಶಃ ಇಲ್ಲ.

ಇಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಬೇಕು, ತಂಗಿ. ಶಿವಗಂಗಾಳನ್ನು ಯಾರೂ ಒತ್ತಾಯಿಸಲಿಲ್ಲ. ಯಾರಾದರೂ ಒಂದು ಕೆಟ್ಟ ಮಾತು ಆಡಿದ್ದರೆ ನಾನು ಅದಕ್ಕೂ ಒಂದು ಪ್ರಕರಣ ಹಾಕುತ್ತಿದ್ದೆ. ಕದ ಕೇಳುವ ದಿನ ಹತ್ತಿರ ಬಂತೆಂದರೆ ಓಣಿಯವರು ತಮ್ಮ ಹರಿದ ಪಟ್ಟಿಗಳನ್ನು ಪಕ್ಕದ ಓಣಿಗೆ ಹೊಲಿಯಲು ಕೊಡುತ್ತಿದ್ದರು. ದಿನ ಕಳೆದ ಮೇಲೆ ಮತ್ತೆ ಈಕೆಗೆ. ಗೌರವ್ವ ಮಾತ್ರ ಆ ವಾರ ತಪ್ಪದೆ ಒಂದು ತಾಟು ಹೋಳಿಗೆ ತಂದು ಇಟ್ಟು, ಏನೂ ಹೇಳದೆ ಹೋಗುತ್ತಿದ್ದಳು. ಎದುರು ಸಾಲಿನವರು ಹಗ್ಗ ಎಳೆಯುವಾಗ ಗಾಳಿಗೆ ಹೇಳುವಂತೆ ಹೇಳುತ್ತಿದ್ದರು, ಒಂದು ಮಾತಿನ ಕೆಲಸ, ಮುದುಕಿಯ ಜೀವ ತಣ್ಣಗಾದೀತು ಎಂದು. ಬೀಗದ ಕೈ ಹೆದರಿದವರ ಕೈಯಲ್ಲೇ ಇರಲಿ ಎಂದು ನಾವು ಕಾನೂನು ಮಾಡಿದೆವು. ಅದನ್ನು ಹಿಡಿದುಕೊಂಡು ನಿಂತವಳನ್ನು ಇಡೀ ಓಣಿ ದಿಟ್ಟಿಸುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ನಿಮ್ಮನ್ನು ಯಾರೂ ಕೇಳಲಿಲ್ಲ. ಇವಳನ್ನು ನಾವು ಎಲ್ಲರ ಮುಂದೆ ಕೇಳಿದೆವು.

ಇವತ್ತು ಕೇಳಿದೆ. ಶಿವಗಂಗಾ ಕದದ ಸಂದಿಯಲ್ಲಿ ನಿಂತು, ನನ್ನನ್ನು ನೋಡದೆ ಹೇಳಿದಳು: "ಬರ್ಲಿ ಬಿಡ್ರಿ ಅಕ್ಕಾರ. ಚಾ ಕುಡದ ಹೋಗು ಅಂತೀನಿ."

ಓಣಿಗೆ ಹಬ್ಬ ಬಂದಂತಾಯಿತು. ಯಾರೋ ಗೌರವ್ವನ ಕಿವಿಯ ಹತ್ತಿರ ಹೋಗಿ ಕೂಗಿ ಹೇಳಿದರು, ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಎದುರು ಮನೆಯವರು ನನಗೆ ಚಾ ತಂದರು. ಇಂಥ ಹೊತ್ತಿನಲ್ಲಿ ಕದ ಕೇಳುವವರು ಕಟ್ಟೆಯ ಮೇಲೆ ಕುಳಿತು ಚಪ್ಪರ ಎಳೆಯುವುದನ್ನು ಕಾಯುವುದು ರೂಢಿ. ನಾನೂ ಕುಳಿತೆ. ಕುಳಿತಲ್ಲಿಂದ ಶಿವಗಂಗಾಳ ಬಲಗೈ ಕಾಣಿಸುತ್ತಿತ್ತು. ಅದು ಮಾತಾಡುವಾಗಲೂ ಅಗುಳಿಯ ಮೇಲೇ ಇತ್ತು, ಈಗಲೂ ಅಲ್ಲೇ ಇತ್ತು. ಆಕೆಯ ಚಪ್ಪರದ ಕಂಬದ ಬುಡದಲ್ಲಿ ಎರಡು ಕೊಡ ನೀರು, ಬಾಯಿಯವರೆಗೆ ತುಂಬಿಸಿದ್ದು, ಮೇಲೆ ಒದ್ದೆ ಗೋಣಿತಟ್ಟು. ಉಳಿದ ಯಾರ ಕಂಬದ ಬುಡದಲ್ಲೂ ನೀರಿಲ್ಲ. ಎಂಟು ವರ್ಷದಿಂದ ಆ ಕೊಡಗಳನ್ನು ನಾನು ನೋಡುತ್ತಿದ್ದೇನೆ, ಕುಡಿಯುವ ನೀರು ಎಂದುಕೊಂಡಿದ್ದೆ. ಕುಡಿಯುವ ನೀರನ್ನು ಯಾರು ಕಂಬದ ಬುಡದಲ್ಲಿ, ಬೆಂಕಿ ಬಡಿಯುವ ಗೋಣಿತಟ್ಟಿನ ಜೊತೆಗೆ ಇಡುತ್ತಾರೆ?

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ, ಬಹುಶಃ ಪಾಠದ ಪುಸ್ತಕದ ಆ ಚಿತ್ರದ ಮೇಲೆ. ಕೈಯಲ್ಲಿದ್ದ ಚಾ ಕೆಳಗಿಟ್ಟು ಫಕೀರೇಶ ಆಡಿದ ಮಾತನ್ನು ಮನಸ್ಸಿನಲ್ಲಿ ಮತ್ತೆ ಹೇಳಿಕೊಂಡೆ. ಚಪ್ಪರ ಹತ್ತಿದರೆ ಯಾರು ಬರುತ್ತಾರೆ. ಬೆಂಕಿ ಹಚ್ಚುತ್ತೇನೆ ಎಂದಷ್ಟೇ ಅವನು ಹೇಳಿರಲಿಲ್ಲ. ಹೊತ್ತಿಕೊಂಡಾಗ ನಿನ್ನ ಪಾಲಿಗೆ ಯಾರೂ ಇರುವುದಿಲ್ಲ ಎಂದಿದ್ದ. ಆ ಬೆದರಿಕೆಯಲ್ಲಿ ಬೆಂಕಿಯ ಅರ್ಧವನ್ನಷ್ಟೇ ನಾವು ಎಂಟು ವರ್ಷ ಕೇಳಿದೆವು. ಉಳಿದರ್ಧದ ಉತ್ತರ ಶಿವಗಂಗಾಳ ಹತ್ತಿರ ಇರಲೇ ಇಲ್ಲ, ಪಕ್ಕದ ಕದಗಳ ಹತ್ತಿರ ಇತ್ತು.

ಪಕ್ಕದ ಮನೆಯ ಕದ ಕೇಳಬಾರದೆಂದು ನಮ್ಮ ನಿಯಮದಲ್ಲಿ ಎಲ್ಲೂ ಇಲ್ಲ; ಈವರೆಗೆ ಯಾರೂ ಕೇಳಿಲ್ಲ, ಅಷ್ಟೆ. ಎದ್ದು ಹೋಗಿ ಮೊದಲ ಮನೆಯ ಹೊಸ್ತಿಲಾಚೆ ನಿಂತೆ. ಅದು ಕಂಬ ಮಾಡುವ ಮಾನಪ್ಪ ಬಡಿಗೇರನದು. ಶಿವಗಂಗಾಳ ಚಪ್ಪರ ಹತ್ತಿದರೆ ನೀವು ಬರುತ್ತೀರಾ ಎಂದು, ಕದ ಕೇಳುವ ಧ್ವನಿಯಲ್ಲೇ ಕೇಳಿದೆ. ಮಾನಪ್ಪ ಮೇಲೆ ನೋಡಿದ. "ಹತ್ತೂದಿಲ್ಲ ತಗೋರಿ ಅಕ್ಕಾರ, ಈಗಿನ ಬಟ್ಟಿ ಹತ್ತೂದಿಲ್ಲ." ಅದು ಉತ್ತರವಲ್ಲ ಎಂದೆ. ಅವನು ತಲೆ ಕೆರೆದುಕೊಂಡ. ಪಕ್ಕದ ಮನೆಯ ಹೆಂಗಸು, ನಾನು ಕೇಳುವ ಮೊದಲೇ, "ಆ ಟೈಮಿನ್ಯಾಗ ನಾವು ಮನ್ಯಾಗ ಇರೂದಿಲ್ರಿ" ಎಂದಳು. ಬೆಂಕಿ ಯಾವ ಹೊತ್ತಿಗೆ ಬರುತ್ತದೆಂದು ಆಕೆಗೆ ಹೇಗೆ ಗೊತ್ತೋ. ಮೂರನೆಯ ಮನೆಯವರು ಒಳಗೆ ಹೋಗಿ ಕದ ಹಾಕಿಕೊಂಡರು. ಓಣಿಯ ಹಬ್ಬದ ಕಳೆ ಇಳಿಯಿತು. ಹಗ್ಗ ಹಿಡಿದ ಹುಡುಗರು ಬೇಗ ಬೇಗ ಗಂಟು ಬಿಚ್ಚತೊಡಗಿದರು, ಚಪ್ಪರ ಎಳೆದುಬಿಟ್ಟರೆ ನನ್ನ ಕೇಳಿಕೆ ಮುಗಿಯುತ್ತಿತ್ತು.

ಎದುರು ಸಾಲಿಗೆ ದಾಟಿ ಗೌರವ್ವನ ಹೊಸ್ತಿಲಿಗೆ ಹೋದೆ. ಆಕೆಗೆ ಕೇಳಿಸಲೆಂದು ಪ್ರಶ್ನೆಯನ್ನು ಎರಡು ಸಲ ಕೂಗಬೇಕಾಯಿತು. ಮುದುಕಿ ನನ್ನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ, ಕಿವಿ ಕೇಳದವರು ಮಾತಾಡುವ ಹಾಗೆ, ಇಡೀ ಓಣಿಗೆ ಕೇಳುವಂತೆ ಹೇಳಿದಳು:

"ಬರ್ತೀನ್ಯವ್ವಾ, ಯಾಕ ಬರೂದಿಲ್ಲ? ಹಚ್ಚಿದಂವ ನನ್ನ ಮಗಾನ ಆದ್ರೂ ಬರ್ತೀನಿ. ಮೊದಲ ನೀರು ಹಾಕಿ ಆರಸ್ತೀನಿ, ಆಮ್ಯಾಲ ಅಂವನ್ನ ವಿಚಾರಸ್ತೀನಿ."

ಹಗ್ಗದ ಹುಡುಗರು ನಿಂತರು. ನಾನು ತಿರುಗಿ ನೋಡಿದೆ. ಶಿವಗಂಗಾಳ ಕೈ ಅಗುಳಿಯ ಮೇಲಿರಲಿಲ್ಲ. ಆಕೆ ಹೊಸ್ತಿಲು ದಾಟಿ ಹೊರಗೆ ಬಂದಳು; ಎಂಟು ವರ್ಷದಲ್ಲಿ ಕದ ಕೇಳುವ ದಿನ ಆಕೆ ಹೊರಗೆ ಬಂದದ್ದು ಇದೇ ಮೊದಲು. ಗೌರವ್ವನನ್ನು ಒಮ್ಮೆ ನೋಡಿದಳು, ಆಮೇಲೆ ನನ್ನನ್ನು.

"ಅಕ್ಕಾರ, ನಾ ಆಗಳೆ ಹೇಳಿದ್ದು ಸುಳ್ಳರಿ. ಅಂವ ಬಂದ್ರ ನಾ ಕದಾ ಹಾಕ್ಕೋತೀನಿ. ನನಗಿನ್ನೂ ಅಂಜಿಕಿ ಅದ."

ಆಕೆ ಹೇಳಿದ್ದನ್ನು ನಾನು ಬರೆದುಕೊಂಡೆ, ಹಿಂದಿನದನ್ನು ಹೊಡೆದುಹಾಕಿದೆ. ಫಕೀರೇಶನಿಗೆ ಇನ್ನೊಂದು ವರ್ಷ. ಗೌರವ್ವನಿಗೆ ಇದನ್ನು ಕೂಗಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಸುತ್ತ ನಿಂತವರ ಮುಖ ನೋಡಿಯೇ ಮುದುಕಿಗೆ ತಿಳಿಯಿತು. ತನ್ನ ಮಾತಿನಿಂದಲೇ ಮಗ ಹೊರಗುಳಿದ ಎಂಬುದೂ ತಿಳಿದಿರಬೇಕು. ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಇನ್ನು ಕದ ಹಾಕಿಕೊಳ್ಳುತ್ತಾಳೆ ಎಂದುಕೊಂಡೆ, ನನಗೆ ಬಹಳ ಸಂಕಟವಾಯಿತು.

ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ಎರಡು ಕೈಯಲ್ಲೂ ಹಿಡಿದುಕೊಂಡದ್ದು ಒಂದು ಕೊಡ ನೀರು. ಹೆಜ್ಜೆಗೊಮ್ಮೆ ತುಳುಕುತ್ತಿತ್ತು. ಹಿಡಿಯಲು ಹೋದ ಹುಡುಗನಿಗೆ ಬಿಡು ಎಂದಳು. ಓಣಿ ದಾಟಿ, ಶಿವಗಂಗಾಳ ಕಂಬದ ಬುಡದಲ್ಲಿ ಆ ಎರಡು ಕೊಡಗಳ ಪಕ್ಕಕ್ಕೆ ಇಟ್ಟಳು. ಶಿವಗಂಗಾಳ ಮುಖ ನೋಡಲಿಲ್ಲ. ಶಿವಗಂಗಾ ಗೋಣಿತಟ್ಟನ್ನು ಬಿಡಿಸಿ, ಮೂರಕ್ಕೂ ಸಾಲುವಂತೆ ಎಳೆದು ಹೊದಿಸಿದಳು. ಆಮೇಲೆ ಚಪ್ಪರ ಎಳೆದರು. ಮಾನಪ್ಪ ಹಗ್ಗ ಹಿಡಿದಿದ್ದ, ಮುಖ ಆ ಕಡೆ ತಿರುಗಿಸಿಕೊಂಡು.

ನಾನೀಗ ಇದೇ ಚಪ್ಪರದ ಕೆಳಗೆ ಕುಳಿತು ಬರೆಯುತ್ತಿದ್ದೇನೆ. ಓಣಿಯೆಲ್ಲ ಮಲಗಿದೆ. ಇವತ್ತು ನಾನು ಮಾಡಿದ್ದು ಸರಿಯೋ ಎಂದು ಮೇಲಿನವರು ಕೇಳಬಹುದು, ಅದಕ್ಕೆ ಉತ್ತರ ಕೊಡಲು ನನಗೆ ಹೊತ್ತಿದೆ. ಗೌರವ್ವನ ಮಗ ಬರುವ ದಿನದವರೆಗೆ ಗೌರವ್ವ ಇರುತ್ತಾಳೋ ಇಲ್ಲವೋ, ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಅಲ್ಲಿಯವರೆಗೆ ಆಕೆಯನ್ನು ಎರಡು ಟ್ರಾಮು ಹತ್ತಿಸಿ ಮಗನ ಹತ್ತಿರ ಕರೆದುಕೊಂಡು ಹೋಗಲು ಯಾರನ್ನಾದರೂ ಹುಡುಕಬೇಕು. ನಾಳೆ ಮುದುಕಿಯ ಜೊತೆ ಬರುತ್ತೇನೆಂದು ಶಿವಗಂಗಾ ಹೇಳಿದ್ದಾಳೆ, ಓಣಿಯ ತುದಿಯವರೆಗೆ ಮಾತ್ರ. ಅಲ್ಲಿಂದ ಮುಂದಕ್ಕೆ ನಾನೇ ಹೋಗುತ್ತೇನೆ.

ನಿಮ್ಮನ್ನು ಹೆದರಿಸಿದವನು ನಿಮಗೆ ಏನೆಂದ ಎಂಬುದನ್ನು ನಿಮ್ಮ ತೀರ್ಪಿನಲ್ಲಿ ಬರೆದಿಲ್ಲ, ತಂಗಿ. ಅಂಗಡಿಯ ಬಗ್ಗೆಯೋ, ಮಕ್ಕಳ ಬಗ್ಗೆಯೋ, ಮನೆಗೆ ಹೋಗುವ ದಾರಿಯ ಬಗ್ಗೆಯೋ. ಏನೇ ಅಂದಿರಲಿ, ಅದರ ಕೊನೆಯಲ್ಲಿ ಯಾರು ಬರುತ್ತಾರೆ ನೋಡೋಣ ಎಂಬುದೊಂದು ಇದ್ದೇ ಇರುತ್ತದೆ. ಕೋರ್ಟು ನಿಮ್ಮ ಲೆಕ್ಕಕ್ಕೆ ಬರೆದು ಏಳರಲ್ಲೇ ಕರಗಿಸಿದ ಆ ಒಂದು ವರ್ಷವನ್ನು ಹಿಂದಕ್ಕೆ ತಂದು ಕೊಡಲು ನನ್ನಿಂದಾಗದು. ಒಂದು ಕೋರಿಕೆ ಮಾತ್ರ ಇದೆ. ನಿಮ್ಮ ಅಂಗಡಿಯ ಎಡಕ್ಕೂ ಬಲಕ್ಕೂ ಯಾರಾದರೂ ಇದ್ದೇ ಇರುತ್ತಾರೆ. ಶಟರ್ ಎಳೆಯುವ ಮೊದಲು ಒಂದು ಸಲ ಅವರನ್ನು ಕೇಳಿ. ಇಬ್ಬರು ಮೂವರು ಬಟ್ಟೆಯ ಮಾತು, ಟೈಮಿನ ಮಾತು ಆಡುತ್ತಾರೆ, ಬೇಸರಿಸಬೇಡಿ. ಇನ್ನೊಂದು ಕದಕ್ಕೂ ಹೋಗಿ. ಕಿವಿ ಕೇಳದವರಿದ್ದರೆ ಸ್ವಲ್ಪ ಜೋರಾಗಿ ಕೇಳಿ.

ಇಂತಿ,
ನೀಲಾಂಬಿಕಾ